ಗ್ರೈಂಡರಿನೊಳಗೆ ಮಹಾಸಾಗರ

ಮಹಾಸಾಗರದ ಚಲನೆಯ ಸಮೀಕರಣಗಳಿಗೆ ಉತ್ತರವಿದೆ, ಅದೂ ಒಂದೇ ಒಂದು ಉತ್ತರವಿದೆ ಎಂದು ಆರು ವರ್ಷ ಕೂತು ಸಾಧಿಸಿದವನು ನಾನು. ಹೊಸಪೇಟೆಯ ಕಾಲೇಜಿನಲ್ಲಿ ಗಣಿತದ ಮೇಷ್ಟ್ರು. ಸಂಡೂರಿನ ಗುಡ್ಡಗಳಿಂದ ಹಗಲೂ ರಾತ್ರಿ ಅದಿರಿನ ಲಾರಿಗಳು ಇಳಿಯುತ್ತಿದ್ದ ಕಾಲವದು. ಊರಿಗೆ ಊರೇ ಗುಡ್ಡ ಅಗೆಯುತ್ತಿದ್ದಾಗ ನಾನೊಬ್ಬನೇ ಕಾಗದದ ಮೇಲೆ ಸಮುದ್ರ ಅಗೆಯುತ್ತಿದ್ದೆ!

ಪಿಎಚ್‌.ಡಿ. ಮೌಖಿಕ ಪರೀಕ್ಷೆಯ ದಿನ ಬಂತು. ಪರೀಕ್ಷಕರು ಕರಾವಳಿಯವರು, ಭಾರೀ ಆಳು, ಅಚ್ಚ ಬಿಳಿ ಅಂಗಿ. ಮಧ್ಯಾಹ್ನ ನಮ್ಮನೆಯಲ್ಲಿ ಊಟ, ಮೂರಕ್ಕೆ ಪರೀಕ್ಷೆ. ಊಟಕ್ಕೆ ಮೊದಲೇ ಅವರನ್ನು ಬೆರಗುಗೊಳಿಸಬೇಕೆಂದು ನಾನು ಹೆಂಡತಿಯ ಗ್ರೈಂಡರನ್ನು ಪಡಸಾಲೆಗೆ ತಂದೆ. ಕಲ್ಲು ತೆಗೆದು ನೀರು ತುಂಬಿದೆ. ಹರಿವು ಕಾಣಲೆಂದು ಕಿಟಕಿಯ ಮೇಲಿನ ಕೆಂಪು ಧೂಳನ್ನೇ ಬಳಿದು ಹಾಕಿದೆ. ನಮ್ಮೂರಿನಲ್ಲಿ ಅದಕ್ಕೇನು ಬರವೇ?

ನನ್ನ ಹೆಂಡತಿ ಗಿರಿಜಾ ಕಂಪ್ಲಿಯ ಅಕ್ಕಿ ಗಿರಣಿಯವರ ಮಗಳು. ಯಂತ್ರದ ಗುಣ ಬಲ್ಲವಳು.

“ಏನ್ರೀ ಇದು? ಅದು ಹಿಟ್ಟು ರುಬ್ಬೋದೈತಿ!”

“ಇದು ಭೂಮಿ. ತಿರುಗತೈತಿ. ಒಳಗಿಂದು ಸಮುದ್ರ.”

“ನೀರು ಹಿಟ್ಟಿನಂಗ ಸುಮ್ಕ ಕುಂದ್ರಂಗಿಲ್ರಿ. ಮ್ಯಾಲೆ ಏನರ ಮುಚ್ರಿ.”

ನಾನು ನಕ್ಕೆ. ಅಲೆಗಳ ಗೋಜು ಬೇಡವೆಂದು ಸಾಗರದ ಮೇಲೆ ಗಟ್ಟಿ ಮುಚ್ಚಳವಿದೆಯೆಂದು ಭಾವಿಸುವುದು ನಮ್ಮ ಶಾಸ್ತ್ರದ ವಾಡಿಕೆ.

“ನನ್ನ ಪ್ರಮೇಯದಾಗ ಮುಚ್ಚಳ ಮೊದ್ಲೇ ಐತಿ!”

“ಪ್ರಮೇಯದಾಗ ಇದ್ದೀತು. ಗ್ರೈಂಡರ್ ಮ್ಯಾಲೆ ಕಾಣವಲ್ದು.”

ಅಷ್ಟರಲ್ಲಿ ಬಂದ ಪರೀಕ್ಷಕರು ಕುತೂಹಲದಿಂದ ಗ್ರೈಂಡರಿನತ್ತ ಬಗ್ಗಿದರು. “ಪೂಜ್ಯರೇ, ಭೂಭ್ರಮಣವನ್ನು ಅವಲೋಕಿಸಬೇಕು” ಎಂದು ಗುಂಡಿ ಒತ್ತಿದೆ.

ಸಮುದ್ರ ಒಂದು ಕ್ಷಣ ನಡುವೆ ಕುಸಿಯಿತು. ಮರುಕ್ಷಣ ಅಂಚು ಹತ್ತಿತು. ಆಮೇಲೆ ನಾಲ್ಕೂ ದಿಕ್ಕಿಗೆ ಹೊರಟಿತು! ಗೋಡೆ, ಕ್ಯಾಲೆಂಡರು, ನನ್ನ ಪ್ರಬಂಧದ ಮೂರು ಪ್ರತಿ, ಎಲ್ಲ ಕೆಂಪು. ಪರೀಕ್ಷಕರಂತೂ ಈಗಷ್ಟೇ ಗಣಿಯಿಂದ ಎದ್ದು ಬಂದವರಂತಿದ್ದರು. ಗಾಬರಿಯಲ್ಲಿ ನಾನು ಗ್ರೈಂಡರ್ ನಿಲ್ಲಿಸುವ ಗುಂಡಿಯ ಬದಲು ಫ್ಯಾನಿನ ಸ್ವಿಚ್ಚು ಒತ್ತಿದೆ. ಸಾಗರಕ್ಕೆ ಗಾಳಿಯೂ ಸೇರಿತು!

ಗಿರಿಜಾ ಬಂದು ಪ್ಲಗ್ಗು ಕಿತ್ತಳು. “ಸರ, ಜಲ್ದಿ ಬರ್ರಿ, ಮುಖ ತೊಳಕೊಳ್ರಿ. ಇವ್ರು ಹಿಂಗ. ಇವತ್ತಿಂದಲ್ಲ.”

ಆರು ವರ್ಷದ ದುಡಿಮೆ ನೆಲದ ಮೇಲೆ ಹರಿಯುತ್ತಿತ್ತು. ನನಗೆ ಅಳು ಬಂತು. ಅಷ್ಟರಲ್ಲಿ ಪರೀಕ್ಷಕರು ನಗತೊಡಗಿದರು. ಎಷ್ಟು ನಕ್ಕರೆಂದರೆ ಕುರ್ಚಿ ಹಿಡಿದು ಕೂತರು. “ಇಷ್ಟು ವರ್ಷ ಸಮುದ್ರದ ಪಕ್ಕದಲ್ಲೇ ಇದ್ದೇನೆ. ಒಮ್ಮೆಯೂ ಇಷ್ಟು ಒದ್ದೆಯಾಗಿರಲಿಲ್ಲ!”

ಅವರಿಗೆ ನನ್ನ ಅಂಗಿ ಕೊಟ್ಟೆವು. ನಾನು ಸಣಕಲ. ಅವರು ಉಸಿರು ಬಿಟ್ಟರೆ ಗುಂಡಿ ಹಾರುವ ಸ್ಥಿತಿ! ಹೀಗಾಗಿ ಮೂರಕ್ಕೆ ತುಂಬಿದ ಸಭೆಯ ಮುಂದೆ ಪರೀಕ್ಷೆ ಶುರುವಾದಾಗ ಉದ್ದದ ಪ್ರಶ್ನೆ ಕೇಳಲು ಅವರಿಗೆ ಆಗಲೇ ಇಲ್ಲ.

“ನಿಮ್ಮ ಪ್ರಮೇಯ… ಎಷ್ಟು ಕಾಲ… ನಿಲ್ಲುತ್ತದೆ?”

“ಅನಂತ ಕಾಲ, ಸರ್.”

“ಪ್ರಯೋಗ?”

“ಮೂರು ಸೆಕೆಂಡು, ಸರ್.”

ಸಭೆ ನಕ್ಕಿತು. ಹತ್ತೇ ನಿಮಿಷದಲ್ಲಿ ನಾನು ಡಾಕ್ಟರಾದೆ!

ವಾರದ ನಂತರ ಅಂಗಿ ಇಸ್ತ್ರಿಯಾಗಿ ಅಂಚೆಯಲ್ಲಿ ಬಂತು. ಜೇಬಿನಲ್ಲೊಂದು ಚೀಟಿ: “ಪ್ರಬಂಧ ಸೊಗಸಾಗಿದೆ. ಸಮುದ್ರವನ್ನು ದಯವಿಟ್ಟು ಕಾಗದದಲ್ಲೇ ಇಟ್ಟುಕೊಳ್ಳಿ.”

ನನ್ನ ಪದವಿಪತ್ರ ಈಗಲೂ ಟ್ರಂಕಿನ ತಳದಲ್ಲಿದೆ. ಗಿರಿಜಾ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿರುವುದು ಆ ಚೀಟಿಯನ್ನು!