ಬೀಗರು ಕೊಟ್ಟ ಬಾಟಲಿ

ತಪ್ಪೆಲ್ಲ ಲೊನ್ನಿ ಸ್ಟ್ಯಾಂಪರನದೇ. ಒಂದೇ ಒಂದು ಗುಟುಕಿನ ಆಸೆ!

ನಮ್ಮ ಕೆಂಟಕಿಯಲ್ಲಿ ಮದುವೆಗೆ ಮಳೆ ಬರಬಾರದೆಂದರೆ ತಿಂಗಳ ಮುಂಚೆ ಮದುವೆ ನಡೆಯುವ ಜಾಗದಲ್ಲೇ ತುಂಬಿದ ಬರ್ಬನ್ ವಿಸ್ಕಿ ಬಾಟಲಿಯೊಂದನ್ನು ತಲೆಕೆಳಗಾಗಿ ಹೂಳಬೇಕು. ಮದುವೆ ಮುಗಿದ ಮೇಲೆ ಅಗೆದು ಕುಡಿಯಬೇಕು. ಲೊನ್ನಿಯ ಮಗಳು ರೇಲಿನ್‌ಳ ಮದುವೆಗೆ ಬಾಟಲಿ ಕೊಟ್ಟವರು ಬೀಗರಾದ ಥರ್ಮನ್ ಪ್ರೂಯಿಟ್. ಇಪ್ಪತ್ತು ವರ್ಷ ಪೀಪಾಯಿಯಲ್ಲಿ ಮಲಗಿದ್ದ ಮಾಲಂತೆ.

ಲೊನ್ನಿಯೋ ಶಾಲೆಯ ಬಸ್ ಓಡಿಸುವವನು. ಸಂಜೆ ಹನ್ನೆರಡು ಡಾಲರಿನ ಬರ್ಬನ್ ಎರಡು ಬೆರಳಷ್ಟು ಸುರಿದುಕೊಂಡು, ನಿಧಾನವಾಗಿ ಮೂಸಿ, ಹೀರಿ, ತೃಪ್ತನಾಗುವವನು. ಹೂಳುವ ಮುನ್ನ ಬಿರಡೆ ತೆಗೆದು ಒಂದು ಗುಟುಕು ನೋಡಿದ. ಕಣ್ಣಲ್ಲಿ ನೀರು ಬಂತು. ‘ಅಬ್ಬಾ, ದೊಡ್ಡವರ ಮಾಲೇ ಬೇರೆ’ ಎಂದುಕೊಂಡು ಬಿರಡೆಯನ್ನು ಹಾಗೇ ಒತ್ತಿ, ಮದುವೆ ನಡೆಯಲಿದ್ದ ತನ್ನ ಹಿತ್ತಿಲಲ್ಲಿ ಹೂತುಬಿಟ್ಟ.

ಮದುವೆಯ ಬೆಳಿಗ್ಗೆ ಮನಸ್ಸು ತಡೆಯದೆ ಅಗೆದು ನೋಡಿದರೆ, ಒಳಗೆ ತೊಟ್ಟೂ ಇಲ್ಲ! ಸಡಿಲ ಬಿರಡೆಯಿಂದ ಎಲ್ಲ ಸೋರಿ ಎರೆಹುಳುಗಳ ಪಾಲಾಗಿತ್ತು.

ಬೇಲಿಯಾಚೆಯಿಂದ ಪಕ್ಕದ ಮನೆಯ ವೆಲ್ಮಾ ಇಣುಕಿದಳು. “ಏನೋ ಲೊನ್ನಿ, ಬೆಳಬೆಳಿಗ್ಗೇನೇ ಖಾಲಿ ಮಾಡ್ಬಿಟ್ಯಾ?”

“ನಾನಲ್ಲ ವೆಲ್ಮಕ್ಕ, ನೆಲ ಕುಡೀತು!”

“ಹೂಂ, ಬೀಗರ ಹತ್ರ ಹಾಗೇ ಹೇಳು, ನಂಬ್ತಾರೆ! ಕುಡುಕನ ಮನೆ ಹೆಣ್ಣು ಅಂತ ರೇಲಿನ್‌ನ ಜೀವಮಾನ ಪೂರ್ತಿ ಆಡ್ಕೋತಾರೆ, ನೋಡ್ತಿರು.”

ಲೊನ್ನಿಗೆ ತನ್ನನ್ನು ಯಾರೇನೆಂದರೂ ಸರಿ, ಮಗಳು ಚುಚ್ಚುಮಾತು ಕೇಳುವಂತಾಗಬಾರದು.

“ನಿಂದೇ ತುಂಬ್ಸು. ಬಣ್ಣ ಒಂದೇ ತಾನೇ?” ಎಂದಳು ವೆಲ್ಮಾ.

“ಆಯಪ್ಪ ಮೂಸೇ ಎಷ್ಟು ವರ್ಷದ್ದು ಅಂತ ಹೇಳ್ತಾನಕ್ಕ!”

“ಬೇರೆ ದಾರಿ ಇದ್ರೆ ನೀನೇ ಹೇಳು.”

ಗಡಿಬಿಡಿಯಲ್ಲಿ ತುಂಬಿಸುವಾಗ ಅರ್ಧ ಲೋಟದಷ್ಟು ಹೊಸ ಸೂಟಿನ ಮೇಲೆ ಚೆಲ್ಲಿತು. ವೆಲ್ಮಾ ಓಡಿಬಂದು ತನ್ನ ಗುಲಾಬಿ ಸೆಂಟು ಹೊಡೆದಳು. ಬಾಟಲಿ ಮತ್ತೆ ಮಣ್ಣು ಸೇರಿತು. ಮುಂಚಿತವಾಗಿ ಬಂದ ಪಾದ್ರಿಗಳು ಲೊನ್ನಿಯನ್ನು ಅಪ್ಪಿಕೊಂಡವರು ಥಟ್ಟನೆ ಹಿಂದೆ ಸರಿದರು. “ಹತ್ತು ಗಂಟೆಗೇನಾ, ಲೊನ್ನಿ? ಅದೂ ಗುಲಾಬಿ ಹಾಕ್ಕೊಂಡು?”

ಮದುವೆ ಮುಗಿಯಿತು. ಆಕಾಶದಲ್ಲಿ ಒಂದು ಮೋಡವಿಲ್ಲ. ಥರ್ಮನ್ ಎಲ್ಲರೆದುರು ಬಾಟಲಿ ಅಗೆದು, ಲೋಟಕ್ಕೆ ಸುರಿದು, ಮೂಸಿ, ಬಾಯಲ್ಲಿ ಆಚೀಚೆ ಹೊರಳಿಸಿ ಕಣ್ಣು ಮುಚ್ಚಿದರು. ಲೊನ್ನಿ ಮಗಳ ಮುಖವನ್ನೇ ನೋಡುತ್ತ ನಿಂತ.

“ಸುಟ್ಟ ಸಕ್ಕರೆ... ವೆನಿಲ್ಲಾ... ಕೊನೇಲಿ ಒಂಚೂರು ಮೆಣಸಿನ ಖಾರ... ಆಹಾ! ಇಂಥದ್ದನ್ನ ಜನ್ಮದಲ್ಲೇ ಕುಡಿದಿಲ್ಲ!”

ಲೊನ್ನಿಗೆ ಹೋದ ಜೀವ ಬಂತು. ‘ನನ್ನ ಹನ್ನೆರಡು ಡಾಲರಿನ ಮಾಲಿನ ಬಗ್ಗೆ ನಾನು ಇಷ್ಟು ವರ್ಷ ಹೇಳ್ತಿದ್ದದ್ದೂ ಅದನ್ನೇ!’ ಎಂದು ಕೂಗಬೇಕೆನಿಸಿತು.

ಥರ್ಮನ್ ಅವನ ಹೆಗಲ ಮೇಲೆ ಕೈಹಾಕಿ ಮದುವೆಯ ಟೆಂಟಿನ ಹಿಂದಕ್ಕೆ ಕರೆದೊಯ್ದರು. “ಬೀಗ್ರೇ, ನಿಮ್ಮ ಹತ್ರ ಮುಚ್ಚಿಡೋದೇನು. ಬಾಟಲಿ ಮಾತ್ರ ಅಸಲಿ. ಒಳಗಿದ್ದದ್ದನ್ನ ನಾನು ಯಾವಾಗ್ಲೋ ಕುಡಿದು ಮುಗಿಸಿದ್ದೆ. ನಿಮಗೆ ಕೊಡೋವಾಗ ಅಂಗಡೀಲಿ ಎಲ್ಲಕ್ಕಿಂತ ಅಗ್ಗದ್ದು ಯಾವುದಿತ್ತೋ ಅದನ್ನ ತುಂಬ್ಸಿದ್ದೆ. ನಾಚಿಕೆ ಆಗ್ತಿದೆ.”

ಅಂದು ತಾನು ಕಣ್ಣೀರಿಟ್ಟದ್ದು ಆ ಕಳಪೆ ಮಾಲಿಗೆ! ಲೊನ್ನಿಗೆ ನಗು ತಡೆಯಲಾಗಲಿಲ್ಲ. “ಹೋಗ್ಲಿ ಬಿಡಿ ಬೀಗ್ರೇ, ಮಕ್ಕಳು ಚೆನ್ನಾಗಿದ್ರೆ ಸಾಕು.”

“ಬಿಡೋದಾ? ಆ ದರಿದ್ರ ಮಾಲು ನಿಮ್ಮ ಮಣ್ಣಲ್ಲಿ ಒಂದೇ ತಿಂಗಳಿಗೆ ಅಮೃತ ಆಗಿದೆ ಕಣ್ರೀ! ನಾಳೆ ಅದೇ ಮಾಲು ನಲವತ್ತೆಂಟು ಬಾಟಲಿ ತರ್ತೀನಿ. ಹೂತಿಡಿ. ಮುಂದಿನ ತಿಂಗಳು ಅಗೆಯೋಣ. ರುಚಿ ಹೀಗೇ ಇರ್ಬೇಕು, ಮತ್ತೆ!”

ನಿಜ ಹೇಳಿದರೆ ಮಗಳ ಮಾನ ಹೋಗುತ್ತದೆ. ಹೇಳದಿದ್ದರೆ ನಲವತ್ತೆಂಟು ಬಾಟಲಿಗೂ ತನ್ನದನ್ನೇ ತುಂಬಿಸಬೇಕು. ಆಚೆ ರೇಲಿನ್ ಮಾವನ ಮನೆಯವರೊಂದಿಗೆ ನಗುನಗುತ್ತ ಕುಣಿಯುತ್ತಿದ್ದಳು.

“ಹಿತ್ತಿಲು ಚಿಕ್ಕದು, ಬೀಗ್ರೇ,” ಎಂದ ಲೊನ್ನಿ, ಸಣ್ಣ ದನಿಯಲ್ಲಿ.

“ಅದಕ್ಕ್ಯಾಕೆ ಯೋಚ್ನೆ? ಮನೆ ಮುಂದೂ ಜಾಗ ಇದೆಯಲ್ಲ!”