ನೀರಿನ ಡಬ್ಬಿಗೆ ನಾಲ್ಕು ಹನಿ ನೀಲಗಿರಿ

ಡಾಕ್ಟರ ಮುಂದೆ ಸುಳ್ಳು ಹೇಳದ ಮನುಷ್ಯನನ್ನು ನಾನಿನ್ನೂ ನೋಡಿಲ್ಲ. ಸಕ್ಕರೆ ಕಾಯಿಲೆಯವರು ಸಿಹಿ ಮುಟ್ಟಿಲ್ಲ ಎನ್ನುತ್ತಾರೆ. ದಿನಾ ನಡೆಯುತ್ತೀರಾ ಎಂದು ಕೇಳಿದರೆ, ಬಸ್‌ಸ್ಟ್ಯಾಂಡಿಗೆ ಹೋಗಿ ಬಂದದ್ದನ್ನೇ ಎಳೆದು ಒಂದು ತಾಸು ಮಾಡುತ್ತಾರೆ. ಇಂಥ ಸಣ್ಣ ಸುಳ್ಳಿನಿಂದ ಯಾರೂ ಸಾಯುವುದಿಲ್ಲ ಎಂದು ನಾನೂ ನಂಬಿದ್ದೆ. ಈಚೆಗೆ ಒಂದು ರವಿವಾರ ಮಧ್ಯಾಹ್ನ ಆ ನಂಬಿಕೆ ಹೋಯಿತು. ಅದರ ಹಿಂದೆಯೇ ನಾನೂ ಹೋಗುವವನಿದ್ದೆ.

ನಾನು ಕಾಗವಾಡದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಇಪ್ಪತ್ತಾರು ವರ್ಷಗಳಿಂದ ಬೋರ್ಡಿನ ಮೇಲೆ ಶ್ವಾಸಕೋಶದ ಚಿತ್ರ ಬರೆಯುತ್ತ ಬಂದಿದ್ದೇನೆ. ನನ್ನ ಸ್ವಂತ ಶ್ವಾಸಕೋಶಕ್ಕೆ ಮಾತ್ರ ಇದರ ಮುಲಾಜಿಲ್ಲ. ನಿದ್ದೆಯಲ್ಲಿ ನನ್ನ ಗಂಟಲು ಮುಚ್ಚಿಕೊಂಡು ಉಸಿರು ನಿಂತು ನಿಂತು ಬರುತ್ತದೆ ಎಂದು ಹೋದ ವರ್ಷ ಪರೀಕ್ಷೆಯಲ್ಲಿ ತಿಳಿಯಿತು. ಅದಕ್ಕೆಂದು ಮನೆಗೆ ಒಂದು ಮಷೀನು ಬಂತು. ಅದರಿಂದ ಹೊರಟ ನಳಿಕೆ ಮೂಗಿನ ಮೇಲಿನ ಮಾಸ್ಕಿಗೆ ಕೂಡುತ್ತದೆ. ಮಲಗಿದಷ್ಟು ಹೊತ್ತೂ ಒಂದೇ ಸಮನೆ ಗಾಳಿ ಒತ್ತಿ ಗಂಟಲು ಮುಚ್ಚದಂತೆ ಕಾಯುತ್ತದೆ. ಗಾಳಿಗೆ ತೇವ ಬರಲೆಂದು ಮಷೀನಿನ ಮಗ್ಗುಲಿಗೆ ಬೆಚ್ಚಗಾಗುವ ನೀರಿನ ಡಬ್ಬಿಯೊಂದಿದೆ. ಮಷೀನು ಕೊಟ್ಟವರು ಎರಡು ಮಾತು ಹೇಳಿದ್ದರು: ಡಬ್ಬಿಗೆ ಡಿಸ್ಟಿಲ್ಡ್ ವಾಟರ್ ಬಿಟ್ಟು ಏನೂ ಹಾಕಬೇಡಿ, ಹಗಲು ಮಲಗಿದರೂ ಮಾಸ್ಕು ತಪ್ಪಿಸಬೇಡಿ. ಎರಡನೆಯದನ್ನು ನಾನು ನಿಷ್ಠೆಯಿಂದ ಪಾಲಿಸಿದೆ.

ಆ ರವಿವಾರ ನನಗೆ ವಿಪರೀತ ನೆಗಡಿ. ಕಟ್ಟಿದ ಮೂಗಿನೊಳಗೆ ಮಷೀನು ಗಾಳಿ ನುಗ್ಗಿಸುವುದೆಂದರೆ ಮುಚ್ಚಿದ ಬಾಗಿಲಿಗೆ ಹೆಗಲು ಕೊಟ್ಟು ಒತ್ತಿದಂತೆ. ಆಗ ನನ್ನೊಳಗಿನ ವಿಜ್ಞಾನಿ ಎದ್ದು ಕುಳಿತ. ನೆಗಡಿಯಾದಾಗ ಅವ್ವ ಕರವಸ್ತ್ರಕ್ಕೆ ನೀಲಗಿರಿ ಎಣ್ಣೆ ಹಚ್ಚಿ ಕೊಡುತ್ತಿದ್ದಳು. ಇಲ್ಲಿ ಬೆಚ್ಚಗಿನ ನೀರೂ ಇದೆ, ಗಾಳಿಯೂ ಇದೆ, ಎಣ್ಣೆಯೊಂದೇ ಕಡಿಮೆ. ಹೆಂಡತಿ ಪದ್ಮಾವತಿ ಅಂಗಳದಲ್ಲಿ ಒಣದ್ರಾಕ್ಷಿಯ ಕಡ್ಡಿ ಆರಿಸುತ್ತಿದ್ದಳು. ನಾನು ಡಬ್ಬಿಗೆ ನಾಲ್ಕು ಹನಿ ಬಿಟ್ಟು, ಸೀಸೆಯನ್ನು ಗಾದಿಯ ಕೆಳಗೆ ತುರುಕಿ, ಮಾಸ್ಕು ಹಾಕಿಕೊಂಡು ಮಲಗಿದೆ.

ಮೊದಲ ಹತ್ತು ಉಸಿರು ಸ್ವರ್ಗ. ಇಷ್ಟು ಸುಲಭದ ಉಪಾಯ ಮಷೀನು ಮಾಡಿದವರಿಗೆ ಹೊಳೆಯಲಿಲ್ಲವಲ್ಲ ಎಂದು ಅವರ ಬಗ್ಗೆ ಮರುಕವೂ ಬಂತು. ಆಮೇಲೆ ಗಂಟಲಲ್ಲಿ ಖಾರ ಸುರಿದಂತಾಯಿತು. ಕರವಸ್ತ್ರವಾದರೆ ಮೂಗಿನಿಂದ ದೂರ ಹಿಡಿಯಬಹುದು. ಈ ಮಷೀನು ಬೇಡವೆಂದರೂ ಬಿಡದೆ ಒಳಗೆ ತಳ್ಳುತ್ತಲೇ ಇತ್ತು. ಮಾಸ್ಕು ಕಿತ್ತೆಸೆದೆ. ಕೆಮ್ಮು ನಿಲ್ಲಲಿಲ್ಲ. ಎದೆಗೆ ಹಗ್ಗ ಬಿಗಿದಂತಾಗಿ, ಉಸಿರು ಒಳಗೆ ಹೋಗುವಾಗ ಸೀಟಿ ಹೊಡೆಯತೊಡಗಿತು. ಪದ್ಮಾವತಿ ಓಡಿ ಬಂದು ನನ್ನ ಮುಖ ನೋಡಿದಳು. ಏನಾಯಿತು ಎಂದೂ ಕೇಳದೆ ಎದೆಗೆ ನೀಲಗಿರಿ ವಾಸನೆಯ ನೋವಿನ ಮುಲಾಮು ತಿಕ್ಕಿ, ಆಟೋ ಕರೆಸಿದಳು.

ನಮ್ಮ ಓಣಿಯ ಆಚೆಯ ದವಾಖಾನೆಯ ಡಾಕ್ಟರ್ ಅಶ್ವಿನಿ ನನ್ನ ಹಳೆಯ ವಿದ್ಯಾರ್ಥಿನಿ. ಬೇರೆ ಯಾರಾಗಿದ್ದರೂ ಅಂದು ನಾನು ನಿಜ ಹೇಳುತ್ತಿದ್ದೆನೋ ಏನೋ. ನೀಲಗಿರಿಯ ಘಮ ಅವಳ ಮೂಗಿಗೆ ಬಡಿಯಿತು. ಮುಲಾಮು ತಿಕ್ಕಿದ್ದೇನೆ ಎಂದು ಪದ್ಮಾವತಿ, ತನಗೆ ಗೊತ್ತಿಲ್ಲದೆಯೇ, ನನ್ನನ್ನು ಪಾರು ಮಾಡಿದಳು. ಮಷೀನಿನ ಡಬ್ಬಿಗೆ ಏನಾದರೂ ಹಾಕಿದ್ದಿರಾ ಎಂದು ಅಶ್ವಿನಿ ನೇರವಾಗಿಯೇ ಕೇಳಿದಳು.

“ಬರೇ ನೀರು,” ಎಂದೆ.

ಅವಳು ಎದೆಯ ಇಸಿಜಿ ಪಟ್ಟಿ ತೆಗೆದಳು. ಅದರಲ್ಲಿ ಏನೂ ಕಾಣಲಿಲ್ಲ. ಕಾಣದಿದ್ದುದೇ ಅವಳ ಹುಬ್ಬು ಗಂಟಿಕ್ಕಿಸಿತು. ಇಷ್ಟು ಹಠಾತ್ತಾಗಿ ಎದೆ ಬಿಗಿದಿದೆ, ಕಾರಣ ಸಿಗುತ್ತಿಲ್ಲ, ಹೃದಯದ್ದಲ್ಲ ಎಂದು ಹೇಳಲಾರೆ, ಮಿರಜಿನ ದೊಡ್ಡ ಆಸ್ಪತ್ರೆಗೆ ಕಳಿಸುವುದೇ ಲೇಸು ಎಂದು ಗಾಡಿಗೆ ಫೋನು ಮಾಡಲು ಹೊರಗೆ ಹೋದಳು. ನನ್ನ ನಾಲ್ಕು ಹನಿ ಈಗ ರಾಜ್ಯದ ಗಡಿ ದಾಟಿ ಮಹಾರಾಷ್ಟ್ರಕ್ಕೆ ಹೋಗುವುದರಲ್ಲಿತ್ತು. ಬಾಯಿ ಬಿಡಬೇಕು ಅನ್ನಿಸಿತು. ಆದರೆ ಒಮ್ಮೆ ಹೇಳಿದ ಸುಳ್ಳನ್ನು ವಾಪಸ್ಸು ತೆಗೆದುಕೊಳ್ಳಲು ಬೇಕಾಗುವ ಉಸಿರು ನನ್ನಲ್ಲಿರಲಿಲ್ಲ.

ಪದ್ಮಾವತಿ ನನ್ನ ಚಪ್ಪಲಿಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಸ್ಟೂಲಿನ ಮೇಲೆ ಕುಳಿತಿದ್ದಳು. ಏಕೆ ಎತ್ತಿಕೊಂಡಳೋ ಅವಳಿಗೂ ಗೊತ್ತಿರಲಿಕ್ಕಿಲ್ಲ. ನನ್ನ ಕಡೆ ಬಗ್ಗಿ ಮೆಲ್ಲಗೆ ಕೇಳಿದಳು: “ಮುಂಜಾನೆ ನಿಮಗ ಸಿಟ್ಟಿಲೆ ಮಾತಾಡಿದ್ನಿ. ಅದನ್ನ ಮನಸಿಗೆ ಹಚ್ಚಿಕೊಂಡೀರೇನ್ರಿ?”

ಮುಂಜಾನೆ ಅವಳು ಬೈದದ್ದು ನಾನು ಒದ್ದೆ ಟವೆಲ್ಲನ್ನು ಹಾಸಿಗೆಯ ಮೇಲೆ ಒಗೆದದ್ದಕ್ಕೆ. ಅದು ನನಗೆ ಮರೆತೇಹೋಗಿತ್ತು. ಅವಳು ಮಾತ್ರ ನನ್ನ ಎದೆಯ ಬಿಗಿತಕ್ಕೆ ಆ ಟವೆಲ್ಲಿನ ಮಾತೇ ಕಾರಣವೆಂದು ಲೆಕ್ಕ ಹಾಕಿ, ತಪ್ಪನ್ನು ತನ್ನ ತಲೆಗೆ ಕಟ್ಟಿಕೊಂಡು ಕುಳಿತಿದ್ದಳು. ನನಗೆ ಏನಾದರೂ ಆಗಿದ್ದರೆ ಜೀವನವಿಡೀ ಹಾಗೇ ಕುಳಿತಿರುತ್ತಿದ್ದಳು. ಇದನ್ನು ತಡೆದುಕೊಳ್ಳಲು ನನ್ನಿಂದಾಗಲಿಲ್ಲ. ಬಾಗಿಲ ಹೊರಗೆ ಫೋನು ಹಿಡಿದು ನಿಂತಿದ್ದ ಅಶ್ವಿನಿಯನ್ನು ಕೈ ಸನ್ನೆ ಮಾಡಿ ಕರೆದೆ.

“ಡಬ್ಬ್ಯಾಗ ನೀಲಗಿರಿ ಎಣ್ಣಿ ಹಾಕಿದ್ನೆವಾ. ನಾಲ್ಕ ಹನಿ.”

ಅಶ್ವಿನಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗಾಡಿ ಬೇಡವೆಂದು ಫೋನಿನಲ್ಲಿ ಹೇಳಿ, ಬೆರಳಿಗೆ ಕ್ಲಿಪ್ಪು ಹಾಕಿ ಮತ್ತೊಮ್ಮೆ ಆಮ್ಲಜನಕ ನೋಡಿದಳು, ಉಸಿರಿನ ದಾರಿ ಸಡಿಲಿಸುವ ಔಷಧವನ್ನು ಹಬೆಯಾಗಿ ಕೊಟ್ಟಳು, ಸಂಜೆಯವರೆಗೆ ಅಲ್ಲೇ ಮಲಗಿಸಿ ತಾಸಿಗೊಮ್ಮೆ ಎದೆ ಪರೀಕ್ಷಿಸಿದಳು. ಆಮೇಲೆ ಎಣ್ಣೆಯ ಕಣಗಳು ಗಾಳಿಯ ಒತ್ತಡದೊಂದಿಗೆ ನೇರ ಒಳಗಿಳಿದು ಶ್ವಾಸಕೋಶವನ್ನೇ ಕೆರಳಿಸುತ್ತವೆ ಎಂದು, ಐದನೆಯ ತರಗತಿಯ ಹುಡುಗನಿಗೆ ಹೇಳುವಷ್ಟು ಸಹನೆಯಿಂದ ಹೇಳಿದಳು. ಪ್ಲಾಸ್ಟಿಕ್ಕು ಎಣ್ಣೆ ಹೀರಿಕೊಂಡಿರುತ್ತದೆ. ಡಬ್ಬಿ, ನಳಿಕೆ, ಮಾಸ್ಕು ಹೊಸದೇ ಆಗಬೇಕು, ಮಷೀನನ್ನು ಕೊಟ್ಟವರಿಗೆ ತೋರಿಸಬೇಕು. ಮೂಗು ಕಟ್ಟಿದರೆ ತನ್ನ ಹತ್ತಿರ ಬಂದು ಉಪ್ಪುನೀರಿನ ಹನಿ ಒಯ್ಯಬೇಕು. ಮಷೀನು ಕೋಣೆಯ ಗಾಳಿಯನ್ನೇ ಎಳೆಯುವುದರಿಂದ ಅದರ ಹತ್ತಿರ ಸುಗಂಧದ ಎಣ್ಣೆ, ಊದುಬತ್ತಿ ಕೂಡ ಬೇಡ.

ಪದ್ಮಾವತಿ ಎಲ್ಲವನ್ನೂ ಕೇಳಿದಳು. ಚಪ್ಪಲಿಗಳನ್ನು ನೆಲಕ್ಕಿಟ್ಟಳು. ಆಮೇಲೆ ಅಶ್ವಿನಿಯತ್ತ ತಿರುಗಿ, “ಇವರ ಕೈಯಾಗ ಎಷ್ಟ ವರ್ಷ ಕಲತಿಯವಾ?” ಎಂದಳು.

“ಮೂರ ವರ್ಷ್ರಿ.”

“ಆದ್ರೂ ಡಾಕ್ಟರ್ ಆದಿ.”

ಮನೆಗೆ ಬರುವಾಗ ಪದ್ಮಾವತಿ ಆಟೋದ ಇನ್ನೊಂದು ತುದಿಗೆ ಸರಿದು ಕುಳಿತಳು. ಹೊಸ ಸಾಮಾನು ಬರುವವರೆಗೆ ನಾಲ್ಕು ದಿನ, ಡಾಕ್ಟರು ಹೇಳಿದಂತೆ, ಅಂಗಾತ ಮಲಗದೆ ಮಗ್ಗುಲಾಗಿಯೇ ಮಲಗಿದೆ. ನಾನು ತಿರುಗಿದಾಗಲೆಲ್ಲ ಬೆನ್ನಿಗೆ ಅವಳ ಮೊಣಕೈ ತಾಗುತ್ತಿತ್ತು. ಅದು ಕಾಳಜಿಯೋ ಸಿಟ್ಟೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಮೊನ್ನೆ ಹತ್ತಿರದ ಶಿರಗುಪ್ಪಿಯಿಂದ, ಮಷೀನು ಕೊಟ್ಟವರಲ್ಲಿ ನನ್ನ ನಂಬರು ಪಡೆದ ಒಬ್ಬರ ಫೋನು. ಅವರಿಗೂ ಇದೇ ಮಷೀನು ಬಂದಿದೆಯಂತೆ, ಮಾಸ್ಕಿನ ರಬ್ಬರು ವಾಸನೆ ಸೇರುವುದಿಲ್ಲವಂತೆ, ನೀರಿಗೆ ಎರಡು ಹನಿ ಅತ್ತರು ಬಿಡಲೇ ಎಂದು ಕೇಳಿದರು. ನಾನು ಕುರ್ಚಿಯಲ್ಲಿ ನೆಟ್ಟಗೆ ಕುಳಿತು, ಎಣ್ಣೆಯ ಕಣದಿಂದ ಹಿಡಿದು ಪ್ಲಾಸ್ಟಿಕ್ಕಿನ ಗುಣದವರೆಗೆ ಒಂದು ಪೀರಿಯಡ್ಡು ಪಾಠ ಮಾಡಿದೆ. ಅವರು ಬಹಳ ಗೌರವದಿಂದ, ಇಷ್ಟೆಲ್ಲ ನಿಮಗೆ ಹೇಗೆ ಗೊತ್ತು ಎಂದರು.

“ನಾ ವಿಜ್ಞಾನದ ಮಾಸ್ತರ ಅದೀನ್ರಿ,” ಎಂದೆ.

ಅಡುಗೆಮನೆಯಿಂದ ಪದ್ಮಾವತಿ ಕೆಮ್ಮಿದಳು. ಅವಳಿಗೆ ನೆಗಡಿಯೇನೂ ಇರಲಿಲ್ಲ.