ಟ್ಯಾಂಕಿಯ ತಳದ ನೀರು

ಪಂಪು ರಿಪೇರಿಯವನ ಬದುಕಿನಲ್ಲಿ ನಗುವಂಥದ್ದು ಏನಾದರೊಂದು ಆಗುತ್ತಲೇ ಇರುತ್ತದೆ. ನನಗೆ ಮಾತ್ರ ನಗು ಬರುವುದು ಮನೆಗೆ ಬಂದು ಕೈ ತೊಳೆಯುವಾಗ. ಕಡಬದಲ್ಲಿ ನನ್ನದೊಂದು ಸಣ್ಣ ಅಂಗಡಿ. ತೋಟದ ಪಂಪು, ಮದ್ದು ಬಿಡುವ ಯಂತ್ರ, ಹುಲ್ಲು ಕತ್ತರಿಸುವ ಯಂತ್ರ, ಯಾವುದು ಕೆಮ್ಮಿದರೂ ನನಗೆ ಫೋನ್ ಬರುತ್ತದೆ. ಕೆಲಸಕ್ಕಿಂತ ಕನಸು ಕಾಣುವುದರಲ್ಲೇ ನಾನು ಮುಂದೆ ಎಂದು ಮನೆಯವರು ಹೇಳುತ್ತಾರೆ. ಸುಳ್ಳೇನಲ್ಲ. ಹೋದ ವರ್ಷ ಮಳೆ ಬಿಟ್ಟ ಮೇಲೆ ಪೆರಾಬೆ ಕಡೆಯ ಒಂದು ಕಡವಿನಲ್ಲಿ, ಜನರನ್ನು ಹೊಳೆ ದಾಟಿಸುವ ದೋಣಿಯ ಡೀಸೆಲ್ ಟ್ಯಾಂಕಿ ಶುಚಿ ಮಾಡುತ್ತಾ ಮೂರು ದಿನ ಕಳೆದೆ. ಅರ್ಧ ಗಂಟೆಗೊಮ್ಮೆ ಹೊಳೆ ನೋಡುತ್ತಾ ಕುಳಿತುಬಿಡುತ್ತಿದ್ದೆನಾದ್ದರಿಂದ ಮೂರು ದಿನ. ಇಲ್ಲದಿದ್ದರೆ ಒಂದೂವರೆ ದಿನದ ಕೆಲಸ.

೧. ಶುಕ್ರವಾರದೊಳಗೆ

"ಇಂಜಿನ್ ಹೊಳೆಯ ನಡುವಿಗೆ ಹೋಗಿ ನಿಲ್ತದೆ ಮಾರಾಯ," ಎಂದರು ದೋಣಿಯವರು. ಐವತ್ತು ದಾಟಿದ ಗಟ್ಟಿ ಆಳು. "ಶುಕ್ರವಾರದೊಳಗೆ ಸರಿ ಆಗ್ಬೇಕು."

"ಶುಕ್ರವಾರ ಎಂತ ವಿಶೇಷ?"

"ನನ್ನ ಹೆಂಡತಿ ದೋಣಿ ಹತ್ತುತ್ತಾಳೆ."

ದೋಣಿಯವರ ಹೆಂಡತಿ ದೋಣಿ ಹತ್ತುವುದು ಅಂಥ ದೊಡ್ಡ ಸುದ್ದಿಯೇ ಎಂದುಕೊಂಡೆ. ಆಗ ಕತೆ ಹೊರಬಂತು. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ; ಅಕ್ಕನ ತವರು ಆಚೆ ದಡದಲ್ಲಿ. ಇಪ್ಪತ್ತೈದು ವರ್ಷದ ಹಿಂದೆ ಮದುವೆ ಮುಗಿಸಿ ಹೊಸ ಮದುಮಗಳನ್ನು ಇದೇ ದೋಣಿಯಲ್ಲಿ ಕರೆತರುವಾಗ, ದೋಣಿ ತಳ್ಳುವ ಬಿದಿರಿನ ಜಲ್ಲೆ ನೆಲ ಮುಟ್ಟದ ಆಳದಲ್ಲಿ ಇಂಜಿನ್ ನಿಂತಿತಂತೆ. ಆವತ್ತೂ ಡೀಸೆಲ್‌ನಲ್ಲಿ ನೀರು. ಇನ್ನೊಂದು ದೋಣಿ ಬಂದು ಎಳೆಯುವವರೆಗೆ ಅರ್ಧ ಗಂಟೆ ಹೊಳೆಯಲ್ಲಿ ತೇಲಿದರು. ಅಂದಿನಿಂದ ಅಕ್ಕ ದೋಣಿ ಹತ್ತಿದ್ದಿಲ್ಲ. ತವರಿನ ದನ ಕೂಗಿದರೆ ಇಲ್ಲಿಯ ಅಂಗಳಕ್ಕೆ ಕೇಳುತ್ತದೆ. ಅಷ್ಟು ಹತ್ತಿರದ ಮನೆಗೆ ಅವರು ಎರಡು ಬಸ್ಸು ಬದಲಿಸಿ, ಸೇತುವೆ ಸುತ್ತಿ ಹೋಗುತ್ತಾರೆ. ಈಗ ಮೊಣಗಂಟು ನೋವು, ಬಸ್ಸಿನ ಮೆಟ್ಟಿಲು ಹತ್ತಲಾಗುವುದಿಲ್ಲ. ಶುಕ್ರವಾರ ತಮ್ಮನ ಹೊಸ ಮನೆ ಒಕ್ಕಲು. "ದೋಣಿಯಲ್ಲೇ ಹೋಗುವ" ಎಂದು ಅವರೇ ಹೇಳಿದ್ದಾರೆ.

"ಈ ಸಲವೂ ನಡುವೆ ನಿಂತರೆ?" ಎಂದು ಕೇಳಿದೆ.

"ನಾನು ಮತ್ತೆ ಮನೆಗೆ ಬರುದಿಲ್ಲ. ಹೊಳೆಯೊಟ್ಟಿಗೆ ಸೀದಾ ಮಂಗಳೂರಿಗೆ ಹೋಗುದು."

೨. ಇಂಜಿನಿಗೆ ಮದ್ದು

ನೀರು ಡೀಸೆಲ್‌ಗಿಂತ ಭಾರ, ತಳಕ್ಕೆ ಇಳಿದು ಕೂರುತ್ತದೆ. ಹಾಗಾಗಿ ಟ್ಯಾಂಕಿಯ ಅಡಿಯ ತಿರುಪು ಬಿಚ್ಚಿ, ಮೊದಲು ಬಂದದ್ದನ್ನು ಗಾಜಿನ ಬಾಟಲಿಗೆ ಹಿಡಿದೆ. ಮಳೆಗಾಲವಿಡೀ ಅರ್ಧ ಖಾಲಿ ಇಟ್ಟ ಟ್ಯಾಂಕಿಯಲ್ಲಿ ಗಾಳಿಯ ತೇವವೇ ನೀರಾಗಿ ಇಳಿದಿರುತ್ತದೆ, ಅದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯವೆಂದರೆ ನೀರು ನೀಲಿ ಇತ್ತು. ಬಿಸಿಲಿಗೆ ಹಿಡಿದು ನೋಡಿದೆ. ಮಳೆ ತೊಳೆದ ಆಕಾಶದ ನೀಲಿ. ಎಷ್ಟು ಹೊತ್ತು ನೋಡಿದೆನೋ, ದೋಣಿಯವರು ಬೆನ್ನು ತಟ್ಟಿದ ಮೇಲೆ ಎಚ್ಚರ.

"ಡೀಸೆಲ್ ಯಾವುದರಲ್ಲಿ ತಂದದ್ದು ಅಣ್ಣ?"

ಅವರು ತೋರಿಸಿದ ಕ್ಯಾನಿನ ಬಾಯಿಗೆ ಸುಣ್ಣ ಮೆತ್ತಿತ್ತು. ಅಡಿಕೆಗೆ ಕೊಳೆರೋಗ ಬಾರದಿರಲೆಂದು ಬಿಡುವ ನೀಲಿ ಮೈಲುತುತ್ತಿನ ಮದ್ದಿನ ಕ್ಯಾನು.

"ತೊಳೆದಿದ್ದೇನೆ ಮಾರಾಯ."

"ತೊಳೆದ ನೀರು ಚೆಲ್ಲಿದ್ದೀರಾ?"

ಅವರು ಕ್ಯಾನು ಬಗ್ಗಿಸಿ ಒಳಗೆ ನೋಡಿದರು. ಆಮೇಲೆ ಸಮಾಧಾನದಿಂದ ಹೇಳಿದರು: "ಇರಲಿ. ಇನ್ನು ಇಂಜಿನಿಗೆ ಕೊಳೆರೋಗ ಬರುವ ಹೆದರಿಕೆ ಇಲ್ಲ."

೩. ಆಚೆ ದಡ

ಟ್ಯಾಂಕಿಯ ಮುಂದಿನ ಮೂಲೆಯಲ್ಲಿ ಇನ್ನೂ ನೀರು ಉಳಿದಿತ್ತು. ತಿರುಪು ಇರುವುದು ಹಿಂದಿನ ಮೂಲೆಯಲ್ಲಿ. ದೋಣಿಯ ಹಿಂಭಾಗ ತಗ್ಗಿದರೆ ನೀರು ತಾನಾಗಿ ಇತ್ತ ಬರುತ್ತದೆ. ಅದಕ್ಕೆ ಭಾರ ಬೇಕು. ಅಷ್ಟರಲ್ಲಿ ಆಚೆ ದಡಕ್ಕೆ ಹೋಗಬೇಕಾದ ಒಬ್ಬ ಯಜಮಾನರು ಕೊಡೆ ಹಿಡಿದು ಬಂದರು. ಒಳ್ಳೆಯ ತೂಕದ ಮನುಷ್ಯ. ದೋಣಿಯವರು ಉಪಚಾರ ಮಾಡಿ ಅವರನ್ನು ಹಿಂದಿನ ಹಲಗೆಯಲ್ಲಿ ಕೂರಿಸಿದರು.

"ಈಗ ಹೊರಡುದಲ್ವಾ?"

"ನೀವು ಕೂತ್ಕೊಳ್ಳಿ ಮಾರಾಯ್ರೆ, ಎಲ್ಲ ಆಗ್ತದೆ."

ತಂಗಾಳಿ, ದೋಣಿಯ ಮೆಲ್ಲಗಿನ ತೂಗಾಟ. ಯಜಮಾನರಿಗೆ ಐದೇ ನಿಮಿಷದಲ್ಲಿ ನಿದ್ದೆ. ನನಗೂ ಬರುತ್ತಿತ್ತು. ಬಾಟಲಿ ತುಂಬಿ ಕೈ ಒದ್ದೆಯಾಗಿ ಎದ್ದೆ. ಗಂಟೆ ಕಳೆದ ಮೇಲೆ ಅವರು ಥಟ್ಟನೆ ಎಚ್ಚರಾಗಿ, ದೋಣಿಯಿಂದ ಇಳಿದು, ಕೊಡೆ ಬಿಡಿಸಿ ದಾರಿ ಹತ್ತಿ ಹೋದರು. ಕೈಯಲ್ಲಿ ಹೊಲಸು ಹಿಡಿದಿದ್ದ ನಾವಿಬ್ಬರೂ ಬಾಯಿ ತೆರೆಯುವುದರೊಳಗೆ ತಿರುವಿನಲ್ಲಿ ಮಾಯ.

ಹತ್ತು ನಿಮಿಷಕ್ಕೆ ವಾಪಸ್ ಬಂದರು. ಮುಖದಲ್ಲಿ ಸಿಟ್ಟಿರಲಿಲ್ಲ, ಬೆರಗು ಇತ್ತು.

"ಆಚೆ ದಡವೂ ನಮ್ಮ ಊರಿನ ಹಾಗೆಯೇ ಉಂಟು ಮಾರಾಯ್ರೆ. ನಮ್ಮ ಮನೆಯಂಥದ್ದೇ ಒಂದು ಮನೆ. ನನ್ನ ಹೆಂಡತಿಯಂಥವಳೇ ಒಬ್ಬಳು ಬೈದಳು."

೪. ಜಾಡಿಯ ಎದುರು

ನೀರು ಹೋದರೂ ತಳದ ಕಪ್ಪು ಕೆಸರು ಹೋಗಿರಲಿಲ್ಲ. ನೀರು ಮತ್ತು ಡೀಸೆಲ್ ಸೇರುವಲ್ಲಿ ಹುಟ್ಟುವ ಲೋಳೆ ಅದು, ಸೋಸುವ ಬಟ್ಟೆಗೆ ಜೇಡರ ಬಲೆಯಂತೆ ಅಂಟುತ್ತದೆ. ಡೀಸೆಲನ್ನೆಲ್ಲ ಒಂದು ದೊಡ್ಡ ಪಾರದರ್ಶಕ ಜಾಡಿಗೆ ಹೀರಿ ತೆಗೆದು ಜಗಲಿಯ ಮೇಲೆ ಇಟ್ಟೆವು. ಟ್ಯಾಂಕಿಯ ಒಳಗನ್ನು ಕೈ ಹಾಕಿ ಉಜ್ಜಿ ಒರೆಸಿದೆವು. ಇನ್ನು ಜಾಡಿಯೊಳಗಿನದು ತಿಳಿಯಾಗುವವರೆಗೆ ಕಾಯಬೇಕು.

ಕಾಯುವುದು ನನಗೆ ಇಷ್ಟದ ಕೆಲಸ. ಮಧ್ಯಾಹ್ನದ ಬಿಸಿಲು ಜಾಡಿಯೊಳಗೆ ಹೊಕ್ಕು ಮೇಲ್ಗಡೆ ಜೇನಿನ ಬಣ್ಣ, ಕೆಳಗೆ ಕಪ್ಪು ಮೋಡ. ಮೋಡ ಒಂದೊಂದೇ ಎಳೆಯಾಗಿ ಇಳಿಯುತ್ತಿತ್ತು. ನಾನು ಕೂತೆ. ದೋಣಿಯವರು ಬಂದು ಕೂತರು. ನಿನ್ನೆಯ ಯಜಮಾನರೂ ಕೊಡೆ ಮಡಚಿ ಕೂತರು. ಮೂವರೂ ಮಾತಿಲ್ಲದೆ ಜಾಡಿಯನ್ನೇ ನೋಡುತ್ತಿದ್ದೆವು. ಬದುಕಿನಲ್ಲಿ ಅಷ್ಟು ನೆಮ್ಮದಿಯಾಗಿ ನಾನು ಕೂತದ್ದು ಕಡಿಮೆ.

ಅಕ್ಕ ಚಹಾ ತಂದರು. ನಮ್ಮನ್ನು ನೋಡಿದರು, ಜಾಡಿ ನೋಡಿದರು.

"ಇದು ಮುಗಿಯುದು ಎಷ್ಟು ಗಂಟೆಗೆ?"

"ಸಂಜೆ ಆಗ್ತದೆ," ಎಂದರು ದೋಣಿಯವರು, ಕಣ್ಣು ತೆಗೆಯದೆ.

"ಜಾಹೀರಾತು ಬಂದಾಗ ಎದ್ದು ಸ್ವಲ್ಪ ಸೌದೆ ಒಡೆದು ಕೊಡಿ."

೫. ನಡು ಹೊಳೆ

ಶುಕ್ರವಾರ ಬೆಳಿಗ್ಗೆ ಹೊಸ ಫಿಲ್ಟರ್, ತುಂಬಿದ ಟ್ಯಾಂಕಿ, ಕೊಳವೆಯ ಗಾಳಿ ತೆಗೆದು ಸಿದ್ಧ. ಧೈರ್ಯಕ್ಕಿರಲೆಂದು ನನ್ನನ್ನೂ ಹತ್ತಿಸಿಕೊಂಡರು. ಅಕ್ಕ ಮಲ್ಲಿಗೆ ಮುಡಿದು, ಒಳ್ಳೆಯ ಸೀರೆಯುಟ್ಟು ನಡುವಿನ ಹಲಗೆಯಲ್ಲಿ ಕೂತರು. ದೋಣಿಯವರ ಅಂಗಿ ಹೊರಡುವ ಮೊದಲೇ ಬೆವರಿನಲ್ಲಿ ಒದ್ದೆ. ಇಂಜಿನ್ ಮೊದಲ ಎಳೆತಕ್ಕೆ ಎದ್ದಿತು. ಕೆಮ್ಮಲಿಲ್ಲ, ತಡವರಿಸಲಿಲ್ಲ. ನನಗೆ ಹೆಮ್ಮೆಯಾಯಿತು.

ನಡು ಹೊಳೆಗೆ ಬಂದಾಗ ಅಕ್ಕ ಕೈ ಎತ್ತಿದರು. "ಓ ಇವರೇ, ಅದನ್ನೊಮ್ಮೆ ನಿಲ್ಲಿಸಿ."

"ಎಂತ, ತಲೆ ತಿರುಗುದಾ?"

"ಇಲ್ಲ. ನಿಲ್ಲಿಸಿ."

ದೋಣಿಯವರು ನನ್ನ ಮುಖ ನೋಡಿದರು. ನಿಲ್ಲಬಾರದೆಂದು ನಾವು ಮೂರು ದಿನ ಒದ್ದಾಡಿದ ಇಂಜಿನನ್ನು ತಮ್ಮ ಕೈಯಾರೆ ನಿಲ್ಲಿಸಿದರು. ಸದ್ದಡಗಿತು. ದೋಣಿಯ ಬದಿಗೆ ನೀರು ತಾಗುವುದು ಕೇಳಿತು. ಎರಡೂ ದಡ ನಿಧಾನಕ್ಕೆ ಹಿಂದೆ ಸರಿಯತೊಡಗಿದವು. ಅಕ್ಕ ಬೆರಳು ನೀರಿಗೆ ಇಳಿಬಿಟ್ಟರು.

"ಮದುವೆ ದಿನ ಇಲ್ಲಿಯೇ ನಿಂತದ್ದು," ಎಂದರು ಆಮೇಲೆ. "ಅರ್ಧ ಗಂಟೆ ನನ್ನ ಹತ್ತಿರ ಕೂತು ಮಾತಾಡಿದ್ರಿ. ಎಷ್ಟು ಚಂದ ಇತ್ತು. ಮರುದಿನ ಇಂಜಿನ್ ಸರಿ ಆಯ್ತು, ನಿಮಗೆ ಪುರುಸೊತ್ತು ಇಲ್ಲದ ಹಾಗೆ ಆಯ್ತು."

ದೋಣಿಯವರು ಇಂಜಿನ್ ಬಿಟ್ಟು ಅಕ್ಕನ ಕಡೆ ತಿರುಗಿದರು. "ಮತ್ತೆ ಇಷ್ಟು ವರ್ಷ ಯಾಕೆ ಹತ್ತಲಿಲ್ಲ? ಹೆದರಿಕೆ ಅಂತ ನಾನು..."

"ಹೆದರಿಕೆ ಅಂತ ನಾನು ಹೇಳಿದ್ದುಂಟಾ? ಒಂದು ದಿನ ಬಾ ಅಂತ ನೀವು ಕರೆದದ್ದುಂಟಾ?"

ನಾನು ಬೇರೆ ಕಡೆ ತಿರುಗಿ ಕೂತೆ. ನನ್ನ ಕಣ್ಣೂ ಒದ್ದೆಯಾಗಿತ್ತು. ಡೀಸೆಲ್ ಹೊಗೆ ಎಂದುಕೊಳ್ಳೋಣವೆಂದರೆ ಇಂಜಿನ್ ನಿಂತಿತ್ತು.

ಆಚೆ ದಡ ಮುಟ್ಟಿದ ಮೇಲೆ ಅಕ್ಕ ಮುಂದೆ ನಡೆದರು. ದೋಣಿಯವರು ಹಗ್ಗ ಕಟ್ಟುವ ನೆಪದಲ್ಲಿ ಹಿಂದೆ ಉಳಿದು, ನನ್ನ ತೋಳು ಹಿಡಿದು ದೋಣಿಯ ಬಳಿಗೆ ಎಳೆದರು. ಮುಖ ಗಂಭೀರವಾಗಿತ್ತು.

"ಸಂಜೆ ಇವಳನ್ನು ಕರ್ಕೊಂಡು ವಾಪಸ್ ಹೋಗ್ಲಿಕ್ಕೆ ಉಂಟಲ್ಲ," ಎಂದು ಪಿಸುಗುಟ್ಟಿದರು. "ಸರಿಯಾಗಿ ಅರ್ಧ ಗಂಟೆ ನಿಲ್ಬೇಕಾದ್ರೆ ಟ್ಯಾಂಕಿಗೆ ಎಷ್ಟು ನೀರು ಹಾಕ್ಬೇಕು ಮಾರಾಯ?"